ಪತ್ರ ಬಾರದವರ ಕತೆ

ಸರ್ಕಾರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅತಿಥಿ ಉಪನ್ಯಾಸಕರಿಗೆಂದು ಬೀರು ಇರುವುದಿಲ್ಲ. ಊಟದ ಡಬ್ಬಿ, ಇಂಟರ್ನಲ್ಸ್ ಉತ್ತರ ಪತ್ರಿಕೆ, ಛತ್ರಿ ಎಲ್ಲವೂ ಕಿಟಕಿಯ ಕಟ್ಟೆಯ ಮೇಲೆ. ಪಿಎಚ್‌.ಡಿ.ಗೆ ಸೇರುವ ಮುಂಚೆ ನಾನು ಒಂದು ವರ್ಷ ಹಾಗೆ ಪಾಠ ಮಾಡಿದ ಕಾಲೇಜಿನಲ್ಲಿ, ಆ ಕಟ್ಟೆಯ ಮೇಲೆ ಯಶವಂತ ಚಿತ್ತಾಲರ ‘ಶಿಕಾರಿ’ ಮೂರು ವಾರ ಇತ್ತು. ಓದುತ್ತಿದ್ದವರು ನನಗಿಂತ ಹದಿನೈದು ವರ್ಷ ಹಿರಿಯರಾದ ಕನ್ನಡದ ಅತಿಥಿ ಉಪನ್ಯಾಸಕರು. ‘ಶಿಕಾರಿ’ ಅವರಿಗೆ ಹೊಸ ಹೆಸರೇನಲ್ಲ. ಕೃತಿ ಒಂದು ಕಡೆ, ಕರ್ತೃ ಇನ್ನೊಂದು ಕಡೆ, ನಡುವೆ ಗೆರೆ ಎಳೆಯುವ ಪ್ರಶ್ನೆಗಳಲ್ಲಿ ಅವರು ಅದನ್ನು ಎಷ್ಟೋ ಸಲ ಸರಿಯಾಗಿ ಹೊಂದಿಸಿದ್ದರು. ಎನ್‌ಇಟಿ, ಕೆ-ಸೆಟ್ ಗೈಡುಗಳಲ್ಲಿ ಅದರ ಸಾರಾಂಶ ಓದಿದ್ದರು. ಪೂರ್ತಿ ಕಾದಂಬರಿಯನ್ನು ಕೈಗೆತ್ತಿಕೊಂಡದ್ದು ಅದೇ ಮೊದಲು. ಇದನ್ನು ಅವರೇ ಯಾವ ಮುಜುಗರವೂ ಇಲ್ಲದೆ ಹೇಳಿದರು. ಓದಲು ಪುರಸೊತ್ತು ಬೇಕಲ್ಲ.

ಪುಸ್ತಕ ವಾಪಸು ಕೊಡುವಾಗ ಹೇಗಿತ್ತು ಎಂದು ಕೇಳಿದೆ. “ಚೆನ್ನಾಗೈತೆ. ಆದ್ರೆ ಅವ್ನಿಗೆ ಒಂದು ಲೆಟ್ರಾದ್ರೂ ಬಂತಲ್ಲ ಸಾರ್” ಅಂದರು.

ಆ ಮಾತು ನನ್ನ ಸಂಶೋಧನೆಯ ದಿಕ್ಕನ್ನೇ ಸ್ವಲ್ಪ ಕೆಡಿಸಿತು. ಅದರ ಅರ್ಥವನ್ನು ಬಿಡಿಸಿಕೊಳ್ಳುವ ಪ್ರಯತ್ನ ಈ ಬರಹ.

1979ರಲ್ಲಿ ಪ್ರಕಟವಾದ ‘ಶಿಕಾರಿ’ಯ ನಾಗಪ್ಪ ಉತ್ತರ ಕನ್ನಡದಿಂದ ಮುಂಬಯಿಗೆ ಬಂದು, ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಗೆ ಏರಿದವನು. ಒಂದು ದಿನ ಅವನನ್ನು ಅಮಾನತಿನಲ್ಲಿಟ್ಟಿರುವ ಪತ್ರ ಬರುತ್ತದೆ. ತನಿಖೆ ನಡೆಯಲಿದೆ. ಅಪರಾಧ ಏನೆಂದು ಮಾತ್ರ ಯಾರೂ ಹೇಳುವುದಿಲ್ಲ. ಅಲ್ಲಿಂದ ಮುಂದಕ್ಕೆ ಕಾದಂಬರಿಯೆಂದರೆ ನಾಗಪ್ಪನ ತಲೆಯೊಳಗಿನ ಓಟ. ಯಾರು ಮಾಡಿದ್ದು, ಯಾಕೆ ಮಾಡಿದ್ದು, ತಾನು ಯಾವ ಮಾತನ್ನು ಎಲ್ಲಿ ಆಡಿದ್ದೆ, ಆ ದಿನ ಅವನು ನಕ್ಕದ್ದು ಯಾಕೆ, ಫೋನಿನಲ್ಲಿ ಇವಳ ದನಿ ಬೇರೆಯಾಗಿತ್ತಲ್ಲ, ಬಾಲ್ಯದ ಸಂಗತಿಗೂ ಇದಕ್ಕೂ ನಂಟಿದೆಯೇ. ಕನ್ನಡದಲ್ಲಿ ಆಫೀಸು ಇಷ್ಟು ಭಯಂಕರವಾಗಿ ಕಾಣಿಸಿದ್ದು ಇಲ್ಲೇ. ಚಿತ್ತಾಲರು ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯ ಉದ್ಯಮ ಜಗತ್ತಿನಲ್ಲೇ ಬದುಕು ಕಳೆದವರು. ಹಾಗಾಗಿ ಅವರ ಕಂಪನಿಯಲ್ಲಿ ‘ಬಂಡವಾಳಶಾಹಿ’ ಎಂಬ ಲೇಬಲ್ಲು ಅಂಟಿಸಿಕೊಂಡ ಗೊಂಬೆಗಳಿಲ್ಲ. ಅಲ್ಲಿರುವವರಿಗೆ ಹೆಸರಿದೆ, ಅಭ್ಯಾಸಗಳಿವೆ, ಹೊಟ್ಟೆಕಿಚ್ಚು ಇದೆ, ಒಬ್ಬರನ್ನೊಬ್ಬರು ಅಳೆಯುವ ಕಣ್ಣಿದೆ.

‘ಶಿಕಾರಿ’ ಓದಿದವರಿಗೆಲ್ಲ ಕಾಫ್ಕಾನ ‘ದಿ ಟ್ರಯಲ್’ ನೆನಪಾಗುತ್ತದೆ. ಹೋಲಿಕೆ ಸರಿ, ಆದರೆ ಅಲ್ಲಿಗೇ ನಿಂತರೆ ಮುಖ್ಯವಾದದ್ದೊಂದು ತಪ್ಪಿಹೋಗುತ್ತದೆ. ಕಾಫ್ಕಾನ ಜೋಸೆಫ್ ಕೆ. ಬ್ಯಾಂಕಿನ ದೊಡ್ಡ ಅಧಿಕಾರಿ. ಅವನ ಮೇಲೆ ಮೊಕದ್ದಮೆ ಹೂಡಿರುವುದು ಬ್ಯಾಂಕಿನ ಹೊರಗಿನ, ಎಲ್ಲಿದೆಯೆಂದೇ ತಿಳಿಯದ ನ್ಯಾಯಾಲಯ. ಮೊಕದ್ದಮೆ ನಡೆಯುತ್ತಿರುವಾಗಲೂ ಅವನು ಬ್ಯಾಂಕಿಗೆ ಹೋಗುತ್ತಿರುತ್ತಾನೆ. ನಾಗಪ್ಪನಿಗೆ ಆ ಅನುಕೂಲವಿಲ್ಲ. ಅನ್ನ ಕೊಟ್ಟ ಸಂಸ್ಥೆಯೇ ಅವನ ಮೇಲೆ ಆರೋಪ ಹೊರಿಸಿದೆ, ತನಿಖೆ ಮಾಡುವುದೂ ಅದೇ, ತೀರ್ಪು ಕೊಡುವುದೂ ಅದೇ. ಕಾಫ್ಕಾನಲ್ಲಿ ಅಪರಾಧ ಪ್ರಜ್ಞೆ ದೇವರಂತೆ ಎಲ್ಲೆಡೆ ವ್ಯಾಪಿಸಿದ್ದರೆ, ಚಿತ್ತಾಲರು ಅದನ್ನು ನೌಕರಿಯ ಒಳಗೆ ತಂದು ಕೂರಿಸಿದರು. ಮೇಲೇರಬೇಕೆಂಬ ಆಸೆ ಎಷ್ಟು ದೊಡ್ಡದೋ ಬೇಟೆಯಾಗುವ ಭಯವೂ ಅಷ್ಟೇ ದೊಡ್ಡದು ಎಂಬುದು ನಾಗಪ್ಪನ ಪ್ರತಿ ಯೋಚನೆಯಲ್ಲೂ ಇದೆ. ಮಹತ್ವಾಕಾಂಕ್ಷೆಯೇ ಇಲ್ಲದವನಾಗಿದ್ದರೆ ಆ ಪತ್ರ ಅವನನ್ನು ಹಾಗೆ ಒಡೆಯುತ್ತಿರಲಿಲ್ಲ.

ಈಗ ನನ್ನ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ಪತ್ರ ಬರಬೇಕಾದರೆ ವಿಳಾಸ ಬೇಕು. ಅಮಾನತು ಮಾಡಬೇಕಾದರೆ ಹುದ್ದೆ ಬೇಕು. ನಾಗಪ್ಪನನ್ನು ಕಂಪನಿ ಶತ್ರುವಾಗಿಯಾದರೂ ಗುರುತಿಸುತ್ತದೆ. ಅವನಿಗಾಗಿ ಒಂದು ಕಡತ ತೆರೆಯುತ್ತದೆ, ನಾಲ್ಕು ಜನ ಕೂತು ಸಂಚು ಮಾಡುತ್ತಾರೆ. ಅತಿಥಿ ಉಪನ್ಯಾಸಕನ ವಿರುದ್ಧ ಯಾರೂ ಸಂಚು ಮಾಡುವುದಿಲ್ಲ, ಅದರ ಅಗತ್ಯವೇ ಬೀಳುವುದಿಲ್ಲ. ಶೈಕ್ಷಣಿಕ ಅವಧಿ ಮುಗಿಯುತ್ತದೆ, ಕೆಲಸವೂ ಮುಗಿಯುತ್ತದೆ. ಮುಂದಿನ ವರ್ಷ ಮತ್ತೆ ಆನ್‌ಲೈನ್ ಅರ್ಜಿ, ಮತ್ತೆ ಪಟ್ಟಿ, ಮತ್ತೆ ಕೌನ್ಸೆಲಿಂಗ್. ಅವರ ಕೈಗೆ ಬರುವ ಹಣದ ಹೆಸರು ಸಂಬಳವಲ್ಲ, ‘ಗೌರವಧನ’. ಕನ್ನಡ ವಿದ್ಯಾರ್ಥಿಗಳು ಈ ಪದದ ಮುಂದೆ ಒಂದು ಕ್ಷಣ ನಿಲ್ಲಬೇಕು. ಗೌರವವನ್ನು ಹಣದ ಜಾಗದಲ್ಲಿಟ್ಟು, ಹಣವನ್ನು ಕಡಿಮೆ ಮಾಡಿದ ಪದ ಇದು. ‘ಅತಿಥಿ’ ಎಂಬುದೂ ಹಾಗೆಯೇ. ಹತ್ತಿಪ್ಪತ್ತು ವರ್ಷ ಒಂದೇ ಮನೆಯಲ್ಲಿ ಉಂಡವರನ್ನು ಲೋಕದಲ್ಲಿ ಯಾರೂ ಅತಿಥಿ ಅನ್ನುವುದಿಲ್ಲ.

2022ರ ಜನವರಿಯಲ್ಲಿ, ದೀರ್ಘ ಮುಷ್ಕರದ ನಂತರ, ಸರ್ಕಾರ ಈ ಗೌರವಧನವನ್ನು ಏರಿಸಿತು. ಯುಜಿಸಿ ಅರ್ಹತೆಯ ಜೊತೆಗೆ 5 ವರ್ಷಕ್ಕಿಂತ ಹೆಚ್ಚು ಅನುಭವ ಇರುವವರಿಗೆ ತಿಂಗಳಿಗೆ 13 ಸಾವಿರ ಇದ್ದದ್ದು 32 ಸಾವಿರವಾಯಿತು. ಅದರ ಬೆನ್ನಿಗೇ ವಾರದ ಕಾರ್ಯಭಾರ 15 ಗಂಟೆಗೆ ಏರಿತು. ಇಬ್ಬರು ಹಂಚಿಕೊಂಡಿದ್ದ ಪಾಠಗಳು ಒಬ್ಬರಿಗೆ ಹೋದವು, ಇನ್ನೊಬ್ಬರು ಪಟ್ಟಿಯಿಂದ ಹೊರಗೆ ಉಳಿದರು. ಒಂದೇ ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಸಿಹಿ ಹಂಚುವ ದಿನ, ಮತ್ತೊಬ್ಬರಿಗೆ ಡಬ್ಬಿ ಎತ್ತಿಕೊಂಡು ಹೋಗುವ ದಿನ. ಶತ್ರು ಯಾರು? ನಾಗಪ್ಪನಿಗೆ ಕನಿಷ್ಠ ಅನುಮಾನಿಸಲು ಹೆಸರುಗಳಿದ್ದವು. 2023ರ ಕೊನೆಗೆ ಮತ್ತೆ ತರಗತಿ ಬಹಿಷ್ಕಾರ ನಡೆಯಿತು. 2024ರ ಜನವರಿಯಲ್ಲಿ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿನ ಕಡೆಗೆ ಅವರು ಪಾದಯಾತ್ರೆ ಹೊರಟರು. ಕೇಳಿದ್ದು ಒಂದೇ, ಸೇವೆಯ ಖಾಯಮಾತಿ.

ಇದನ್ನೆಲ್ಲ ನಾನು ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಲ್ಲಿ ನಿಂತು ನೋಡಿದ್ದೇನೆ. ಕಂದಾಯದ ಲೆಕ್ಕಕ್ಕೆ ತುಮಕೂರು ಒಂದು ಜಿಲ್ಲೆ, ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಎರಡು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿಯ ಏಕಶಿಲಾ ಬೆಟ್ಟ ನೋಡಲು ಹೊರಗಿನವರು ಬರುತ್ತಾರೆ, ಬೆಟ್ಟದ ಬುಡದ ಊರಿಗೆ ನಾಲ್ಕೂ ತಾಲ್ಲೂಕಿನ ಮೇಷ್ಟ್ರುಗಳು ಕಡತ ಹಿಡಿದು ಬರುತ್ತಾರೆ. ಮಳೆ ಕಡಿಮೆ, ಶೇಂಗಾ ಬೆಳೆಯುವ ಸೀಮೆ ಇದು. ಇಲ್ಲಿ ‘ಕೆಲ್ಸ ಸಿಕ್ತಾ?’ ಎಂದು ಕೇಳಿದರೆ ಸರ್ಕಾರಿ ಕೆಲಸ ಸಿಕ್ಕಿತಾ ಎಂದೇ ಅರ್ಥ. ಬೆಂಗಳೂರಿನ ಕಂಪನಿಯಲ್ಲಿ ಮೂರು ಪಟ್ಟು ಸಂಬಳ ತರುವವನಿಗೂ ಅಜ್ಜಿ, “ಅದಿರ್ಲಿ ಕಣಪ್ಪ, ಪರ್ಮನೆಂಟಾ?” ಅನ್ನುತ್ತಾಳೆ. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದವರು ಸರ್ಕಾರಿ ನೌಕರರಿಗೆ ಬುದ್ಧಿ ಹೇಳಲು ಬರೆಸಿದ್ದಿರಬೇಕು. ನಮ್ಮ ಕಡೆ ಅದನ್ನು ಬೇರೆ ರೀತಿ ಓದುತ್ತಾರೆ. ಸಿಕ್ಕರೆ ದೇವರು ಕೊಟ್ಟ ಹಾಗೆ.

ಸಿರಾ ತಾಲ್ಲೂಕಿನ ಬರಗೂರು ಬಂಡಾಯ ಸಾಹಿತ್ಯದ ಮುಂಚೂಣಿಯಲ್ಲಿದ್ದ ಬರಗೂರು ರಾಮಚಂದ್ರಪ್ಪನವರ ಊರು. ‘ಶಿಕಾರಿ’ ಪ್ರಕಟವಾದ ವರ್ಷವೇ, 1979ರಲ್ಲಿ, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಕಾಕತಾಳೀಯ ಇರಬಹುದು, ಆದರೆ ನನಗೆ ಉಪಯುಕ್ತ ಕಾಕತಾಳೀಯ. ನವ್ಯರು ಆಫೀಸನ್ನು ಒಳಗಿನಿಂದ, ಒಬ್ಬಂಟಿ ಅಧಿಕಾರಿಯ ಕುರ್ಚಿಯಿಂದ ನೋಡಿದರು. ಬಂಡಾಯದವರು ಅದನ್ನು ಹೊರಗಿನಿಂದ, ಕೌಂಟರಿನ ಈಚೆ ಅರ್ಜಿ ಹಿಡಿದು ನಿಂತ ರೈತನ ಕಡೆಯಿಂದ ನೋಡಿದರು. ಎರಡೂ ಬೇಕಾಗಿತ್ತು. ಆದರೆ ಎರಡರಲ್ಲೂ ಒಬ್ಬ ವ್ಯಕ್ತಿ ಮಸುಕಾದ. ಅವನೇ ಕೌಂಟರಿನ ಹಿಂದೆ ಕೂತ ಎರಡನೇ ದರ್ಜೆಯ ಗುಮಾಸ್ತ, ಹಳ್ಳಿ ಶಾಲೆಯ ಮೇಷ್ಟ್ರು. ನವ್ಯರಿಗೆ ಅವನ ಸಂಕಟ ಸಣ್ಣದು. ಬಂಡಾಯಕ್ಕೆ ಅವನು ಲಂಚ ತಿನ್ನುವವನು, ವ್ಯವಸ್ಥೆಯ ಕೈ. ಅವನು ಲಂಚ ತಿಂದದ್ದೂ ನಿಜ, ಅವನ ಬಡ್ತಿಯ ಕಡತಕ್ಕೆ ಅವನೇ ಇನ್ನೊಂದು ಕೌಂಟರಿನ ಮುಂದೆ ಲಂಚ ಹಿಡಿದು ನಿಂತದ್ದೂ ನಿಜ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿಗೂ ಒಬ್ಬ ಪೂಜಾರಿ ಇರುತ್ತಾನೆ.

ಇಲ್ಲಿ ಮಾಸ್ತಿಯವರ ಬದುಕಿನ ಒಂದು ಪ್ರಸಂಗ ಹೇಳಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ದಶಕಗಳ ಕಾಲ ದುಡಿದರು. 1940ರ ದಶಕದಲ್ಲಿ, ತಮಗೆ ಬರಬೇಕಾಗಿದ್ದ ಮೇಲಿನ ಸ್ಥಾನ ಸೇವೆಯಲ್ಲಿ ತಮಗಿಂತ ಕಿರಿಯರಾದವರಿಗೆ ಹೋದಾಗ ರಾಜೀನಾಮೆ ಕೊಟ್ಟು ಹೊರಬಂದರು. ಆಮೇಲೆ ‘ಜೀವನ’ ಪತ್ರಿಕೆಯನ್ನು ಎರಡು ದಶಕ ನಡೆಸಿದರು, ದೊಡ್ಡ ಕಾದಂಬರಿಗಳನ್ನು ಬರೆದರು. ಕನ್ನಡಕ್ಕೆ ಲಾಭವೇ ಆಯಿತು ಅನ್ನಿ. ಈ ಪ್ರಸಂಗವನ್ನು ಸಾಮಾನ್ಯವಾಗಿ ಆತ್ಮಗೌರವದ ಉದಾಹರಣೆಯಾಗಿ ಹೇಳುತ್ತಾರೆ. ನಾನೂ ಹಾಗೆಯೇ ಓದುತ್ತಿದ್ದೆ. ಈಗ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ರಾಜೀನಾಮೆ ಕೊಡುವುದಕ್ಕೂ ಒಂದು ಅಂತಸ್ತು ಬೇಕು. ಸಿಟ್ಟನ್ನು ಒಂದು ಹಾಳೆಯ ಮೇಲೆ ಬರೆದು, ಸಹಿ ಹಾಕಿ, ಮೇಜಿನ ಮೇಲಿಟ್ಟು ಎದ್ದು ಬರಲು ಮೇಜು ಬೇಕು. ಹರ್ಮನ್ ಮೆಲ್ವಿಲ್‌ನ ಗುಮಾಸ್ತ ಬಾರ್ಟಲ್ಬಿ 1853ರಲ್ಲೇ ಕೆಲಸ ಮಾಡಲು ಮೆಲ್ಲಗೆ ನಿರಾಕರಿಸಿ ಲೋಕಪ್ರಸಿದ್ಧನಾದ. ಅವನೂ ಆಫೀಸಿನೊಳಗೇ ಕೂತು ನಿರಾಕರಿಸಿದ. ಮಾರ್ಚಿಯಲ್ಲಿ ತಾನಾಗಿಯೇ ಕೆಲಸ ಮುಗಿದುಹೋಗುವವನ ಸಿಟ್ಟಿಗೆ ಯಾವ ಕಾಗದವಿದೆ?

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನನ್ನ ಪ್ರಶ್ನೆಗೆ ಹೆಚ್ಚು ಹತ್ತಿರ ಬರುವ ಕೃತಿ. ವಿಮರ್ಶಕರು ಅದನ್ನು ಹಣ ಬಂದ ಮೇಲೆ ಕೆಡುವ ಕುಟುಂಬದ ಕತೆಯಾಗಿ ಓದಿದ್ದಾರೆ, ಅದು ಸರಿಯೇ. ಆದರೆ ಅದು ನೌಕರಿಯ ಬಗ್ಗೆ ಕನ್ನಡದಲ್ಲಿ ಬಂದಿರುವ ಅತ್ಯಂತ ಸೂಕ್ಷ್ಮ ಬರಹವೂ ಹೌದು. ನಿರೂಪಕನ ಅಪ್ಪ ಚಹಾ ಕಂಪನಿಯ ಸೇಲ್ಸ್‌ಮನ್. ಒಂದು ರಾತ್ರಿ ಅವರ ದಿನದ ಲೆಕ್ಕ ತಾಳೆಯಾಗುವುದಿಲ್ಲ. ಮನೆಯವರೆಲ್ಲ ಆ ಲೆಕ್ಕದ ಸುತ್ತ ಕೂರುತ್ತಾರೆ. ಪುಟ್ಟ ಮನೆ, ಎಲ್ಲರಿಗೂ ಒಂದೇ ಚಿಂತೆ, ಎಲ್ಲರ ಕಣ್ಣೂ ಒಂದೇ ಹಾಳೆಯ ಮೇಲೆ. ಅಪ್ಪನ ಕೆಲಸ ಇಡೀ ಮನೆಯ ಕೆಲಸವಾಗಿರುವ ಆ ದೃಶ್ಯವನ್ನು ನಾನು ಮೇಷ್ಟ್ರ ಮನೆಗಳಲ್ಲಿ ಕಂಡಿದ್ದೇನೆ. ಜನಗಣತಿಯ ಪಟ್ಟಿ, ಬಿಸಿಯೂಟದ ಅಕ್ಕಿಯ ಲೆಕ್ಕ, ಮಕ್ಕಳ ಆಧಾರ್ ಸಂಖ್ಯೆಗಳನ್ನು ಮೊಬೈಲಿಗೆ ತುಂಬುವ ಕೆಲಸವೆಲ್ಲ ರಾತ್ರಿ ಮನೆಗೆ ಬರುತ್ತದೆ. ಮಗಳು ಓದಿ ಹೇಳುತ್ತಾಳೆ, ಹೆಂಡತಿ ಬರೆಯುತ್ತಾಳೆ. ಬೇಸರ ಎಲ್ಲರದ್ದೂ, ತಾಳೆಬಿದ್ದಾಗ ಆಗುವ ನಿರಾಳವೂ ಎಲ್ಲರದ್ದು. ನಾಗಪ್ಪನ ಸಂಕಟದಲ್ಲಿ ಮನೆಯೇ ಇರಲಿಲ್ಲ.

ಆಮೇಲೆ ಕಂಪನಿ ಅಪ್ಪನನ್ನು ಅವಧಿಗೆ ಮೊದಲೇ ಮನೆಗೆ ಕಳಿಸುತ್ತದೆ. ಬಂದ ಹಣ ಚಿಕ್ಕಪ್ಪನ ‘ಸೋನಾ ಮಸಾಲಾ’ಕ್ಕೆ ಬಂಡವಾಳವಾಗುತ್ತದೆ, ಮನೆ ಶ್ರೀಮಂತವಾಗುತ್ತದೆ. ನಿರೂಪಕನಿಗೆ ಅದೇ ಕಂಪನಿಯಲ್ಲಿ ಹೆಸರಿಗೊಂದು ಹುದ್ದೆ ಸಿಗುತ್ತದೆ. ಅವನು ಮಾಡಬೇಕಾದ್ದು ಏನೂ ಇಲ್ಲ, ಕಾಫಿ ಹೌಸಿನಲ್ಲಿ ಕೂರುತ್ತಾನೆ. ಗಂಡ ತಾನು ದುಡಿದ ಹಣ ತರುತ್ತಿಲ್ಲ ಎಂದು ತಿಳಿದಾಗ ಅನಿತಾಳಿಗೆ ಆಗುವ ಅವಮಾನ ಈ ಕೃತಿಯ ನಡುಗಂಬ. ಕೆಲಸ ಕಳೆದುಕೊಂಡ ಅಪ್ಪನಿಗಿಂತ, ಕೆಲಸದ ಅಗತ್ಯವೇ ಇಲ್ಲದ ಮಗ ಹೆಚ್ಚು ಪೊಳ್ಳಾಗಿ ಕಾಣುತ್ತಾನೆ. ಅಪ್ಪನಿಗೆ ಕೊನೆಯ ಪಕ್ಷ ತಾಳೆಬೀಳದ ಲೆಕ್ಕವೊಂದಿತ್ತು.

ಈ ಮಗನನ್ನು ನಾನು ಪಾವಗಡದಲ್ಲಿ ಗುರುತಿಸಬಲ್ಲೆ. ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕು 2,050 ಮೆಗಾವ್ಯಾಟಿನದ್ದು. ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಬರಗಾಲದ ಸೀಮೆಯಲ್ಲಿ ಅದು ಕಡಿಮೆ ಹಣವಲ್ಲ, ಆ ಒಪ್ಪಂದಕ್ಕೆ ಸಹಿ ಹಾಕಿದವರನ್ನು ದೂರದಲ್ಲಿ ಕೂತು ಹೀಗಳೆಯುವುದು ಸುಲಭ. ಆದರೆ ಹತ್ತಿಪ್ಪತ್ತು ಎಕರೆ ಇದ್ದವನ ಮಗನಿಗೆ ಗುತ್ತಿಗೆ ಹಣ ಬರುತ್ತದೆ, ಕೆಲಸವಿಲ್ಲ. ಆ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದ, ಜಮೀನಿಲ್ಲದವರಿಗೆ ಹಣವೂ ಇಲ್ಲ, ಕೂಲಿಯೂ ಇಲ್ಲ. ಕೆಲವರು ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಕ್ಕೆ ಸೇರಿದರು. ಐಟಿಐ, ಡಿಪ್ಲೊಮಾ ಮಾಡಿದ ಹುಡುಗ ಯೂನಿಫಾರ್ಮ್ ಹಾಕಿಕೊಂಡು ತನ್ನದೇ ಊರಿನ ಬೇಲಿ ಕಾಯುವುದು ಇವತ್ತಿನ ಕತೆ. ‘ಘಾಚರ್ ಘೋಚರ್’ ಬೆಂಗಳೂರಿನ ಮಧ್ಯಮ ವರ್ಗದ್ದು ಅನ್ನುವ ಮಾತು ಇಲ್ಲಿ ನಿಂತು ಓದಿದರೆ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ.

ಶಾನಭಾಗರ ಮುಂದಿನ ಕಾದಂಬರಿಗಳಲ್ಲೊಂದಾದ ‘ಸಕೀನಾಳ ಮುತ್ತು’ (2021) ಮಹತ್ವಾಕಾಂಕ್ಷೆಯ ಇನ್ನೊಂದು ಮುಖವನ್ನು ಹಿಡಿದಿದೆ. ಅದರ ನಿರೂಪಕ ಐಟಿ ಜಗತ್ತಿನವನು, ಮೇಲೇರಲು ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಶ್ರದ್ಧೆಯಿಂದ ಓದಿದವನು. ಮಗಳ ವಿಷಯದಲ್ಲಿ ಮನೆಯ ಬಾಗಿಲಿಗೇ ತೊಂದರೆ ಬಂದು ನಿಂತಾಗ ಆ ಪುಸ್ತಕಗಳ ಯಾವ ಸೂತ್ರವೂ ನೆರವಿಗೆ ಬರುವುದಿಲ್ಲ. ಇದರ ವ್ಯಂಗ್ಯ ನನಗೆ ಇಷ್ಟ. ಆದರೂ ಒಂದು ತಕರಾರಿದೆ. ಈ ವ್ಯಂಗ್ಯ ಆ ಪುಸ್ತಕಗಳನ್ನು ಓದಿ ಬಿಟ್ಟವರಿಗೆ ಸಲ್ಲುತ್ತದೆ. ಸಿರಾದ ಅಥವಾ ಮಧುಗಿರಿಯ ಗ್ರಂಥಾಲಯದಲ್ಲಿ ಬೆಳಗ್ಗೆ ಬಾಗಿಲು ತೆರೆಯುವುದನ್ನೇ ಕಾದು ಒಳಗೆ ಹೋಗುವ ಹುಡುಗ ಹುಡುಗಿಯರನ್ನು ನೋಡಿ. ಅವರ ಮುಂದೆ ಕಾದಂಬರಿ ಇರುವುದಿಲ್ಲ. ಎಫ್‌ಡಿಎ, ಪಿಎಸ್‌ಐ, ಶಿಕ್ಷಕರ ಅರ್ಹತಾ ಪರೀಕ್ಷೆಯ ಗೈಡುಗಳಿರುತ್ತವೆ, ಅಡ್ಡಕ್ಕೆ ಒಂದು ಸ್ಫೂರ್ತಿಯ ಪುಸ್ತಕವಿರುತ್ತದೆ. ಈ ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಜನ, ಅತಿ ಹೆಚ್ಚು ಗಮನ ಕೊಟ್ಟು ಓದುತ್ತಿರುವ ಕನ್ನಡ ಗದ್ಯ ಅದೇ. ನಾವು ವಿಮರ್ಶಕರು ಅದನ್ನು ಗದ್ಯವೆಂದೇ ಲೆಕ್ಕಕ್ಕೆ ಹಿಡಿದಿಲ್ಲ. ‘ಶಿಕಾರಿ’ ಅವರಿಗೆ ಒಂದು ಅಂಕ, ನನಗೆ ಒಂದು ಅಧ್ಯಾಯ. ಇಬ್ಬರಿಗೂ ಅದು ಕೆಲಸ ಗಿಟ್ಟಿಸುವ ಸಾಮಗ್ರಿಯೇ.

ನನ್ನ ಈ ದೂರನ್ನು ಅರ್ಧಕ್ಕೆ ನಿಲ್ಲಿಸುವ ಪುಸ್ತಕಗಳೂ ಇವೆ. ಕೊರಟಗೆರೆ ತಾಲ್ಲೂಕಿನ ತುಂಬಾಡಿ ರಾಮಯ್ಯನವರ ‘ಮಣೆಗಾರ’, ಸಿದ್ಧಲಿಂಗಯ್ಯನವರ ‘ಊರು ಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ ದಲಿತ ಆತ್ಮಕಥನಗಳನ್ನು ಓದಿ ಬಂದರೆ, ಓದು ಮತ್ತು ಅದರಿಂದ ಸಿಗುವ ಕೆಲಸ ಬೇರೆಯೇ ವಸ್ತುವಾಗಿ ಕಾಣುತ್ತವೆ. ಅಲ್ಲಿ ಅದು ಏಣಿಯ ಮೆಟ್ಟಿಲಲ್ಲ, ಹುಟ್ಟಿನ ಜೊತೆಗೇ ಹೇರಿದ ಕೆಲಸದಿಂದ ಆಚೆಗೆ ಹೋಗುವ ಬಾಗಿಲು. ಮಾಲಗತ್ತಿಯವರ ಶೀರ್ಷಿಕೆ ಎರಡೇ ಪದಗಳಲ್ಲಿ ಕಚೇರಿಯ ಇಡೀ ಗಾಳಿಯನ್ನು ಹಿಡಿದಿದೆ. ಸರ್ಕಾರದ ಕೆಲಸ ಸಿಕ್ಕಿದ ದಲಿತನಿಗೆ ಕುಹಕದಿಂದ ಇಟ್ಟ ಹೆಸರದು. ಕುರ್ಚಿ ಸಿಕ್ಕಿತು, ಕುರ್ಚಿಯ ಜೊತೆಗೆ ಕುಹಕವೂ ಸಿಕ್ಕಿತು. ಆ ಬಾಗಿಲು ದಾಟಿದವರ ಮಕ್ಕಳು ಇಂದು ಬಡ್ತಿಯ ಬಗ್ಗೆ ಮಾತಾಡುತ್ತಿದ್ದಾರೆ. ಅವರನ್ನು ‘ಹಪಾಹಪಿ’ ಎಂದು ಕರೆಯುವ ಹಕ್ಕು ಯಾರಿಗಿದೆಯೋ ನನಗೆ ತಿಳಿಯದು.

ಬಡ್ತಿಯ ಮಾತು ಬಂತು. ಈ ಒಂದು ದಶಕದಲ್ಲಿ ಕನ್ನಡದ ಕಚೇರಿ ಭಾಷೆಯಲ್ಲಿ ಎದ್ದು ಕಂಡ ಪದವೆಂದರೆ ‘ಹಿಂಬಡ್ತಿ’. ಮೀಸಲಾತಿಯಡಿ ಬಡ್ತಿ ಪಡೆದವರ ಜ್ಯೇಷ್ಠತೆಯನ್ನು ಕಾಪಾಡುವ ಕರ್ನಾಟಕದ 2002ರ ಕಾಯ್ದೆಯ ಮುಖ್ಯ ಭಾಗಗಳನ್ನು, ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ಜ್ಯೇಷ್ಠತಾ ಪಟ್ಟಿಗಳು ತಿರುಗುಮುರುಗಾದವು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅನೇಕ ನೌಕರರು ಕೆಳಗಿನ ಹುದ್ದೆಗೆ ಇಳಿದರು. ಸರ್ಕಾರ ಹೊಸ ಕಾಯ್ದೆ ತಂದಿತು, 2019ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಡುವಿನ ಎರಡು ವರ್ಷಗಳನ್ನು ಕಲ್ಪಿಸಿಕೊಳ್ಳಿ. ಇದೇ ಮೇಜಿನ ಆಚೆ ಕೂತು ಸಹಿ ಹಾಕುತ್ತಿದ್ದವರು ಈಚೆ ಬಂದು ಕೂರುವುದು, ನಿನ್ನೆಯವರೆಗೆ ‘ಸಾರ್’ ಅಂದವರು ಇಂದು ಏನನ್ನಬೇಕೆಂದು ತಡವರಿಸುವುದು, ಮತ್ತೆ ಎರಡು ವರ್ಷಕ್ಕೆ ಎಲ್ಲ ತಿರುಗಿ ಬೀಳುವುದು. ಕನ್ನಡ ಕಾದಂಬರಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕೆ?

ಅದೇ ಪದವನ್ನು ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೂ ಬಳಸುತ್ತಾರೆ. 2017ರ ವೃಂದ ಮತ್ತು ನೇಮಕಾತಿ ನಿಯಮಗಳ ನಂತರ, 1ರಿಂದ 7ನೇ ತರಗತಿಗೆಂದು ನೇಮಕವಾಗಿದ್ದವರನ್ನು 1ರಿಂದ 5ಕ್ಕೆ ಸೀಮಿತಗೊಳಿಸಿ, 6ರಿಂದ 8ಕ್ಕೆ ಪದವೀಧರ ಶಿಕ್ಷಕರ ಬೇರೆ ವೃಂದ ಮಾಡಿದರು. ಸೇವೆಯಲ್ಲಿದ್ದುಕೊಂಡೇ ಬಿ.ಎ., ಬಿ.ಎಡ್., ಎಂ.ಎ. ಮಾಡಿಕೊಂಡವರು, ನಿನ್ನೆವರೆಗೆ ಏಳನೇ ತರಗತಿಗೆ ಗಣಿತ ಹೇಳಿದವರು, ಕಾಗದದಲ್ಲಿ ಐದನೇ ತರಗತಿಯ ಮೇಷ್ಟ್ರುಗಳಾದರು. ಅದರ ವಿರುದ್ಧ 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಸಾವಿರಾರು ಶಿಕ್ಷಕರು ಸೇರಿದರು. ನನಗೆ ಗೊತ್ತಿರುವ ಒಬ್ಬ ಮೇಷ್ಟ್ರು ಹೇಳಿದ್ದು, “ಸಂಬಳ ಒಂದು ರೂಪಾಯಿ ಕಮ್ಮಿ ಆಗಿಲ್ಲಪ್ಪ. ಆದ್ರೆ ಕೆಳಗೆ ಇಳ್ಸವ್ರೆ.” ಸಂಬಳ ಕಡಿಮೆಯಾಗದೆ ಮನುಷ್ಯ ಕೆಳಗಿಳಿಯುವುದು ಹೇಗೆಂಬುದನ್ನು ಅರ್ಥಶಾಸ್ತ್ರ ವಿವರಿಸಲಾರದು, ಕಾದಂಬರಿ ವಿವರಿಸಬಲ್ಲದು.

ಕಾಯುವುದರಲ್ಲಿ ನಾಟಕವಿಲ್ಲ, ಹಾಗಾಗಿ ಯಾರೂ ಬರೆದಿಲ್ಲ ಎಂದು ನನ್ನ ಗೆಳೆಯರೊಬ್ಬರು ವಾದಿಸಿದರು. ಚೆಕಾಫ್ ಇದ್ದಾನಲ್ಲ. 1901ರಲ್ಲಿ ರಂಗಕ್ಕೆ ಬಂದ ‘ಮೂವರು ಸಹೋದರಿಯರು’ ನಾಟಕದಲ್ಲಿ ಹಿರಿಯಳಾದ ಓಲ್ಗಾ ಶಾಲೆಯ ಮೇಡಂ. ಪಾಠ ಮುಗಿಸಿ ಬಂದರೆ ತಲೆನೋವು. ಅವಳಿಗೆ ಮುಖ್ಯೋಪಾಧ್ಯಾಯಿನಿಯಾಗುವ ಮನಸ್ಸಿಲ್ಲ, ಕೊನೆಗೆ ಅದೇ ಆಗುತ್ತಾಳೆ. ಪ್ರೊಫೆಸರ್ ಆಗಬೇಕಿದ್ದ ತಮ್ಮ ಆಂದ್ರೇ ಊರಿನ ಆಡಳಿತ ಕಚೇರಿಯಲ್ಲಿ ಸದಸ್ಯನಾಗಿ, ಅದನ್ನೇ ಹೆಮ್ಮೆಯೆಂದು ಹೇಳಿಕೊಳ್ಳುತ್ತಾನೆ. ಅಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಆದರೂ ನಾಲ್ಕನೇ ಅಂಕದ ಹೊತ್ತಿಗೆ ಎಲ್ಲರೂ ಏನನ್ನೋ ಕಳೆದುಕೊಂಡಿರುತ್ತಾರೆ. ನಮ್ಮ ಕಡೆಯ ಶಾಲೆಗಳಲ್ಲಿ ಓಲ್ಗಾಳಂಥವರು ಬೇಕಾದಷ್ಟು ಜನರಿದ್ದಾರೆ. ಮುಖ್ಯ ಶಿಕ್ಷಕರಾಗುವ ಬಡ್ತಿ ಬಂದರೆ ಬೇಡವೆಂದು ಬರೆದುಕೊಡುವವರಿದ್ದಾರೆ. ಬಡ್ತಿಯ ಜೊತೆಗೆ ದೂರದ ಊರು, ಬಿಸಿಯೂಟದ ಲೆಕ್ಕ, ಸೋರುವ ಕಟ್ಟಡ, ಎಸ್‌ಡಿಎಂಸಿಯವರ ಜಗಳ ಎಲ್ಲ ಬರುತ್ತವೆ. ಮೊದಲ ಹದಿನೈದು ವರ್ಷ ಬಡ್ತಿಗೆ ಕಾದು, ಹದಿನಾರನೇ ವರ್ಷ ಅದು ಬಂದಾಗ ಬೇಡವೆನ್ನುವ ಮನಸ್ಸು ಎಂಥದ್ದು? ಸೋಮಾರಿತನವೆಂದರೆ ತಪ್ಪಾಗುತ್ತದೆ. ವೈರಾಗ್ಯವೆಂದರೆ ಇನ್ನೂ ದೊಡ್ಡ ತಪ್ಪು.

ಇಂಥವರ ಕತೆಯನ್ನು ಬರೆಯಬೇಕಾದವರು ಇಂಥವರೇ. ಸಣ್ಣ ಹುದ್ದೆಯಲ್ಲಿದ್ದೇ ದೊಡ್ಡದನ್ನು ಬರೆದವರು ನಮ್ಮಲ್ಲಿ ಇಲ್ಲದೆ ಇಲ್ಲ. ನಾ. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತಲೇ ಶರಾವತಿಯ ಮುಳುಗಡೆಯನ್ನು ಬರೆದರು. ಆದರೆ ಅವರ ಕಣ್ಣು ನೀರಿನಲ್ಲಿ ಮುಳುಗಿದವರ ಮೇಲಿತ್ತು, ಟೈಪ್‌ರೈಟರಿನ ಹಿಂದೆ ಕೂತ ತಮ್ಮ ಮೇಲಲ್ಲ. ಅದು ಅವರ ದೊಡ್ಡತನ. ಆ ದೊಡ್ಡತನದಿಂದಾಗಿಯೇ ಒಂದು ಕೋಣೆ ಖಾಲಿ ಉಳಿಯಿತು. ಆ ಕೋಣೆಯಲ್ಲಿ ಸೇವಾ ಪುಸ್ತಕ, ಜ್ಯೇಷ್ಠತಾ ಪಟ್ಟಿ, ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವ ಅರ್ಜಿಗಳಿವೆ. ಅವುಗಳ ಭಾಷೆ ಒಣಗಿದ್ದು ಎಂದು ನಾವು ತಿರಸ್ಕರಿಸಿದ್ದೇವೆ. ಆದರೆ ನಮ್ಮ ಸೀಮೆಯಲ್ಲಿ ಸಾವಿರಾರು ಜನ ತಮ್ಮ ಅತಿ ತೀವ್ರವಾದ ಆಸೆಯನ್ನು ಬರೆದಿರುವುದು ಆ ಭಾಷೆಯಲ್ಲೇ. ವರ್ಗಾವಣೆಯ ಅರ್ಜಿಯಲ್ಲಿ ‘ವಯೋವೃದ್ಧ ತಾಯಿಯವರ ಅನಾರೋಗ್ಯ ನಿಮಿತ್ತ’ ಎಂಬ ನಾಲ್ಕು ಪದಗಳ ಹಿಂದೆ ಇರುವುದನ್ನು ಒಬ್ಬ ಕತೆಗಾರ ಬಿಡಿಸಿ ಹೇಳಿದರೆ ಸಾಕು.

ಕಳೆದ ವರ್ಷ ನನ್ನ ಆ ಹಿರಿಯ ಸಹೋದ್ಯೋಗಿಯ ಹೆಸರು ಪಾವಗಡ ಕಡೆಯ ಕಾಲೇಜೊಂದರ ಪಟ್ಟಿಯಲ್ಲಿ ಬಂತು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ನಡುವೆ ಆಂಧ್ರದ ಮಡಕಶಿರಾ ಸೀಮೆಯನ್ನು ಹಾದು ಹೋಗುತ್ತದೆ. ಸ್ವಂತ ಜಿಲ್ಲೆಯಲ್ಲೇ ಕೆಲಸಕ್ಕೆ ಹೋಗಲು ದಿನಕ್ಕೆ ಎರಡು ಸಲ ರಾಜ್ಯದ ಗಡಿ ದಾಟಬೇಕು ಎಂದು ನಗುತ್ತಿದ್ದರು. ದಾರಿಗೆ ಓದಲು ‘ಘಾಚರ್ ಘೋಚರ್’ ಕೊಟ್ಟಿದ್ದೆ. ತೆಳ್ಳಗಿದೆ, ಒಂದು ವಾರಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ. ಎರಡು ತಿಂಗಳ ಮೇಲೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಪುಸ್ತಕ ಬ್ಯಾಗಿನಲ್ಲೇ ಇತ್ತು. ಬಸ್ ಟಿಕೆಟ್ಟನ್ನು ಗುರುತಿಗೆ ಇಟ್ಟಿದ್ದರು, ಅಪ್ಪನ ಲೆಕ್ಕ ತಾಳೆಯಾಗದ ರಾತ್ರಿಯ ಪುಟದಲ್ಲಿ. ಮುಂದೆ ಓದಿಲ್ಲವೇ ಎಂದು ಕೇಳಿದೆ.

“ಮುಗ್ಸಿದೀನಿ ಸಾರ್. ಅದೊಂದು ಪುಟ ಮನೇಲಿ ಓದಿ ಹೇಳ್ಬೇಕಿತ್ತು, ಅದಕ್ಕೇ ಇಟ್ಕೊಂಡಿದ್ದೆ” ಅಂದರು. ಅಷ್ಟರಲ್ಲಿ ಪಾವಗಡದ ಬಸ್ಸು ಬಂತು. ಪುಸ್ತಕ ಇನ್ನೂ ಅವರ ಹತ್ತಿರವೇ ಇದೆ.